ಮಾರಾಟವಾದ ತಂಡ ಊರು ಬಿಡುತ್ತದೆಯೇ?

2025ರ ನವೆಂಬರ್‌ನಲ್ಲಿ ಡಿಯಾಜಿಯೊ ಕಂಪನಿಯಿಂದ ಒಂದು ಪ್ರಕಟಣೆ ಹೊರಬಿತ್ತು. ತನ್ನ ಅಂಗಸಂಸ್ಥೆ ಯುನೈಟೆಡ್ ಸ್ಪಿರಿಟ್ಸ್‌ನ ಕೈಯಲ್ಲಿದ್ದ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡವನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಪರಿಶೀಲನೆ ಶುರುವಾಗಿದೆ ಎಂದು. ಅದರ ಮರ್ಮ ಎಲ್ಲರಿಗೂ ಗೊತ್ತಾಯಿತು: ತಂಡ ಮಾರಾಟಕ್ಕಿದೆ. ಅದಕ್ಕೂ ಐದು ತಿಂಗಳ ಹಿಂದೆ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತಿದ್ದರು. ಅಲ್ಲಿ ಇನ್ನು ದೊಡ್ಡ ಪಂದ್ಯ ನಡೆಯುವುದೇ ಅನುಮಾನ ಎಂಬ ಮಾತು ಓಡಾಡುತ್ತಿತ್ತು. ಎರಡೂ ಸುದ್ದಿ ಕೂಡಿಕೊಂಡದ್ದೇ ತಡ, ಚನ್ನಗಿರಿಯ ಮಂಡಕ್ಕಿ ಮಿರ್ಚಿ ಅಂಗಡಿಯಿಂದ ಜಗಳೂರಿನ ಚಹಾದಂಗಡಿಯವರೆಗೆ ಒಂದೇ ಪ್ರಶ್ನೆ: "ಮಾರಿದರೆ ತಂಡ ಬೇರೆ ಊರಿಗೆ ಹೋಗ್ತದೇನ್ರಿ?"

ಕ್ರಿಕೆಟ್ ನೋಡುವವರಿಗೆ ಈ ಆತಂಕ ಹೊಸದು. ಫುಟ್‌ಬಾಲ್ ನೋಡುವವರಿಗೆ ಹಳೆಯದು. ನಮ್ಮ ದೇಶದ ಫುಟ್‌ಬಾಲ್‌ನಲ್ಲಿ ತಂಡಗಳು ಕೈ ಬದಲಾಯಿಸಿವೆ, ಊರು ಬದಲಾಯಿಸಿವೆ, ಹೆಸರು ಬದಲಾಯಿಸಿವೆ, ಒಮ್ಮೊಮ್ಮೆ ಮೂರನ್ನೂ ಒಟ್ಟಿಗೇ ಬದಲಾಯಿಸಿವೆ. ಪ್ರಶ್ನೆಗೆ ಉತ್ತರ ಬೇಕಿದ್ದರೆ ಮೊದಲು ಅಲ್ಲಿಗೇ ಹೋಗಬೇಕು.

ಚನ್ನಗಿರಿ ಸೀಮೆಯಲ್ಲಿ ಅಡಿಕೆ ತೋಟ ಮಾರಾಟವಾದರೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ತೋಟ ಇದ್ದಲ್ಲೇ ಇರುತ್ತದೆ. ಅದೇ ಮಾಲೀಕರ ಲಾರಿ ಮಾರಾಟವಾದರೆ ಮರುವಾರ ಅದು ಹುಬ್ಬಳ್ಳಿಯಲ್ಲೂ ಇರಬಹುದು, ಹೊಸಪೇಟೆಯಲ್ಲೂ ಇರಬಹುದು. ಆಟದ ತಂಡ ತೋಟವೋ ಲಾರಿಯೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಲಾರಿಯ ಕಥೆಯನ್ನೇ ಮೊದಲು ನೋಡೋಣ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಪುಣೆಗೆ ಒಂದು ತಂಡ ಬಂತು, ಎಫ್‌ಸಿ ಪುಣೆ ಸಿಟಿ. ವಾಧವಾನ್ ಸಮೂಹ ಅದರ ಒಡೆಯ, ನಟ ಹೃತಿಕ್ ರೋಷನ್ ಪಾಲುದಾರ. ಐದು ವರ್ಷದಲ್ಲಿ ಒಡೆಯರ ಹಣಕಾಸು ಕೆಟ್ಟಿತು, 2019ರಲ್ಲಿ ಕ್ಲಬ್ ಬಾಗಿಲು ಹಾಕಿತು. ಲೀಗ್‌ನಲ್ಲಿ ಅದಕ್ಕಿದ್ದ ಜಾಗವನ್ನು ಹೈದರಾಬಾದಿನ ಇಬ್ಬರು ಉದ್ಯಮಿಗಳು ಹಿಡಿದರು, ಆಗಸ್ಟ್ ಹೊತ್ತಿಗೆ ಹೈದರಾಬಾದ್ ಎಫ್‌ಸಿ ಹುಟ್ಟಿತು. ಹೊಸ ಊರು, ಹೊಸ ಬಣ್ಣ, ಗಚ್ಚಿಬೌಲಿಯ ಮೈದಾನ. ಮೊದಲ ವರ್ಷ ಸೋತು ಸುಣ್ಣವಾದ ತಂಡ 2022ರ ಮಾರ್ಚ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಚಾಂಪಿಯನ್ ಆಯಿತು. ಆ ರಾತ್ರಿ ಹೈದರಾಬಾದಿನ ಯಾವ ಅಭಿಮಾನಿಯೂ ಈ ತಂಡ ನಮ್ಮ ಊರು ಬಿಟ್ಟೀತು ಎಂದುಕೊಂಡಿರಲಿಕ್ಕಿಲ್ಲ. ಆದರೆ ಒಂದೇ ವರ್ಷದಲ್ಲಿ ಆಟಗಾರರ ಸಂಬಳ ಬಾಕಿ ಬಿತ್ತು, ಫಿಫಾ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ತಡೆ ಹಾಕಿತು, ಒಬ್ಬೊಬ್ಬರೇ ಆಟಗಾರರು ಖಾಲಿಯಾದರು. 2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಕ್ಲಬ್ಬನ್ನು ಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಅದೇ ತಂಡ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರಿನಲ್ಲಿ ರಾಜಧಾನಿಗೆ ಹೋಯಿತು.

ಪುಣೆ, ಹೈದರಾಬಾದ್, ದಿಲ್ಲಿ. ಆರು ವರ್ಷದಲ್ಲಿ ಮೂರು ಊರು. ಮಾರಾಟ ಊರು ಬಿಡಿಸುತ್ತದೆಯೇ ಎಂದು ಕೇಳುವವರಿಗೆ ಬಿಡಿಸುತ್ತದೆ ಎಂದು ಹೇಳಲು ಇದೊಂದೇ ಸಾಕು. ಆದರೆ ಸ್ವಲ್ಪ ತಡೆಯಿರಿ. ಎರಡೂ ಸಲ ಮಾರಾಟಕ್ಕೆ ಮೊದಲೇ ತಂಡ ಸೊರಗಿತ್ತು. ಕೊಂಡವರು ಊರನ್ನು ಕಿತ್ತುಕೊಂಡರು ಎನ್ನುವುದಕ್ಕಿಂತ, ಆ ಊರಿನಲ್ಲಿ ತಂಡವನ್ನು ಹಿಡಿದಿಡುವಂಥದ್ದು ಏನೂ ಉಳಿದಿರಲಿಲ್ಲ ಎನ್ನುವುದೇ ಸರಿ. ಸ್ವಂತ ಮೈದಾನ ಇರಲಿಲ್ಲ, ಹಕ್ಕು ಕೇಳುವ ಸದಸ್ಯರು ಇರಲಿಲ್ಲ, ತಡೆಯುವ ಕಾನೂನು ಇರಲಿಲ್ಲ. ಇದ್ದದ್ದು ಲೀಗ್‌ನಲ್ಲಿ ಒಂದು ಕುರ್ಚಿ ಮಾತ್ರ. ಕುರ್ಚಿಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಅದೇ 2019ರ ಆಗಸ್ಟ್‌ನಲ್ಲಿ ಡೆಲ್ಲಿ ಡೈನಮೋಸ್ ದಿಲ್ಲಿ ಬಿಟ್ಟು ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅಲ್ಲಿ ಮಾರಾಟವೇ ಆಗಲಿಲ್ಲ. ಒಡೆಯರು ಅದೇ ಜಿಎಂಎಸ್ ಕಂಪನಿಯವರು. ದಿಲ್ಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣ ಅವರಿಗೆ ದುಬಾರಿಯಾಗಿತ್ತು, ಜನವೂ ಸೇರುತ್ತಿರಲಿಲ್ಲ. ಆಗಲೇ ಹಾಕಿಗೆ ಹಣ ಸುರಿದು ಹೆಸರು ಮಾಡಿದ್ದ ಒಡಿಶಾ ಸರಕಾರ ಕಳಿಂಗ ಕ್ರೀಡಾಂಗಣವನ್ನು ಮುಂದಿಟ್ಟು ಕರೆಯಿತು. ಮಾಲೀಕರು ಹೊರಟರು. ಇಡೀ ಚರ್ಚೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವ ಸಂಗತಿ ಇದು: ಒಡೆತನ ಬದಲಾಗದೆಯೂ ಊರು ಬದಲಾಗುತ್ತದೆ. ಹಾಗಿದ್ದ ಮೇಲೆ ಮಾರಾಟವೊಂದನ್ನೇ ಹಿಡಿದು ಹೆದರುವುದರಲ್ಲಿ ಅರ್ಥವಿಲ್ಲ.

ತಿರುಗಿಸಿ ನೋಡಿದರೆ, ಒಡೆತನ ಹತ್ತು ಸಲ ಬದಲಾದರೂ ಊರು ಬಿಡದ ತಂಡಗಳೂ ಉಂಟು. ಇದಕ್ಕೆ ಬೆಂಗಳೂರಿನ ಕಂಪನಿಯೊಂದರ ಕಥೆಯೇ ಸಾಕ್ಷಿ. 2018ರ ಜುಲೈಯಲ್ಲಿ ಬೆಂಗಳೂರಿನ ಕ್ವೆಸ್ ಕಾರ್ಪ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ತಂಡದ 70 ಶೇಕಡಾ ಪಾಲು ಕೊಂಡಿತು. ಹಣ ಬೆಂಗಳೂರಿನದು, ಕಚೇರಿ ಬೆಂಗಳೂರಿನಲ್ಲಿ. ಹಾಗಿದ್ದೂ ಈಸ್ಟ್ ಬೆಂಗಾಲನ್ನು ಬೆಂಗಳೂರಿಗೆ ತರೋಣ ಎಂಬ ಯೋಚನೆ ಯಾರ ಕನಸಿನಲ್ಲೂ ಸುಳಿಯಲಿಲ್ಲ. ಸುಳಿಯುವಂತೆಯೂ ಇರಲಿಲ್ಲ. 1920ರಲ್ಲಿ ಹುಟ್ಟಿದ ಆ ಕ್ಲಬ್ಬಿಗೆ ಕೋಲ್ಕತ್ತಾ ಮೈದಾನದಲ್ಲಿ ತನ್ನದೇ ಅಂಗಳವಿದೆ, ಮತ ಹಾಕುವ ಸದಸ್ಯರಿದ್ದಾರೆ, ಪೂರ್ವ ಬಂಗಾಳದಿಂದ ಬಂದ ಲಕ್ಷಾಂತರ ಕುಟುಂಬಗಳ ಅಭಿಮಾನವಿದೆ. ಎರಡೇ ವರ್ಷಕ್ಕೆ ಕ್ವೆಸ್ ಕೈತೊಳೆದುಕೊಂಡಿತು. ಆಮೇಲೆ ಶ್ರೀ ಸಿಮೆಂಟ್ ಬಂತು, ಹೋಯಿತು. 2022ರಲ್ಲಿ ಇಮಾಮಿ ಬಂತು. ಕ್ಲಬ್ ಇದ್ದಲ್ಲೇ ಇದೆ.

ಅದರ ಎದುರಾಳಿ ಮೋಹನ್ ಬಾಗಾನ್ 1889ರದ್ದು. 2020ರಲ್ಲಿ ಆರ್‌ಪಿ ಸಂಜೀವ್ ಗೋಯೆಂಕಾ ಸಮೂಹ ಅದರ 80 ಶೇಕಡಾ ಪಾಲು ಕೊಂಡು ತನ್ನ ಎಟಿಕೆ ತಂಡದ ಹೆಸರನ್ನು ಅದರ ಮುಂದೆ ಅಂಟಿಸಿತು. ಅಭಿಮಾನಿಗಳು ಮೂರು ವರ್ಷ ಬಿಡದೆ ಕೂಗಾಡಿದರು. ಊರು ಬದಲಾಗಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ. ಮೂರಕ್ಷರ ಸೇರಿದ್ದಕ್ಕೇ ಅಷ್ಟು ಗಲಾಟೆ. 2023ರಲ್ಲಿ ಆ ಮೂರಕ್ಷರ ಹೋದವು. ಇಂಥ ಜನರಿರುವ ಕಡೆ ತಂಡವನ್ನು ಲಾರಿಗೆ ಹೇರುವ ಧೈರ್ಯ ಯಾವ ಸಾಹುಕಾರನಿಗೂ ಬರುವುದಿಲ್ಲ.

ಮುಂಬೈಯದು ತೀರಾ ಇತ್ತೀಚಿನ ಕಥೆ. ಮ್ಯಾಂಚೆಸ್ಟರ್ ಸಿಟಿಯ ಒಡೆಯರಾದ ಸಿಟಿ ಫುಟ್‌ಬಾಲ್ ಗ್ರೂಪ್ 2019ರಲ್ಲಿ ಮುಂಬೈ ಸಿಟಿಯ 65 ಶೇಕಡಾ ಪಾಲು ಕೊಂಡಿತ್ತು. 2025ರ ಡಿಸೆಂಬರ್‌ನಲ್ಲಿ ಲೀಗ್‌ನ ಭವಿಷ್ಯವೇ ತೂಗುಯ್ಯಾಲೆಯಲ್ಲಿದ್ದಾಗ ಪಾಲು ಬಿಟ್ಟು ಹೊರಟಿತು. ಹಳೆಯ ಒಡೆಯರೇ ಮತ್ತೆ ನೊಗ ಹೊತ್ತರು. ಊರು ಬದಲಾಗಲಿಲ್ಲ.

ಮೂರನೆಯ ಬಗೆಯ ತಂಡಗಳೂ ಇದ್ದವು: ಮಾರಾಟವೂ ಆಗಲಿಲ್ಲ, ವಲಸೆಯೂ ಹೋಗಲಿಲ್ಲ, ಸುಮ್ಮನೆ ಸತ್ತವು. ಮಹೀಂದ್ರಾ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ. ಇವು ಕಾರ್ಖಾನೆಯ ತಂಡಗಳು. ಬೆಂಗಳೂರಿನ ಐಟಿಐ, ಎಚ್‌ಎಎಲ್, ಬಿಇಎಂಎಲ್ ತಂಡಗಳೂ ಅದೇ ಜಾತಿಯವು. ಒಂದು ಕಾಲಕ್ಕೆ ಆಟಗಾರನಿಗೆ ಅಲ್ಲಿ ಸೇರುವುದೆಂದರೆ ಪಿಂಚಣಿಯೊಂದಿಗೆ ಕೆಲಸ ಸಿಕ್ಕಂತೆ. ಆ ತಂಡಗಳನ್ನು ಯಾರೂ ಕೊಳ್ಳುವಂತಿರಲಿಲ್ಲ. ಹಾಗಾಗಿ ಕಾರ್ಖಾನೆಗೆ ಬೇಡವಾದ ದಿನ ಅವು ಬಡವಾದವು. ಊರು ಬಿಡುವ ತಂಡದ ಬಗ್ಗೆ ಸಿಟ್ಟಾಗುವವರು ಇದನ್ನೂ ನೆನಪಿಡಬೇಕು. ಮಾರಾಟವಾಗಬಲ್ಲ ತಂಡಕ್ಕೆ ಕನಿಷ್ಠ ಬದುಕುವ ಒಂದು ದಾರಿಯಾದರೂ ಇದೆ.

ಈಗ ನಮ್ಮದೇ ಬೆಂಗಳೂರು ಎಫ್‌ಸಿಗೆ ಬರೋಣ. ಬೆಂಗಳೂರಿನ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬ್ಯಾಂಗಲೋರ್ ಮುಸ್ಲಿಮ್ಸ್, ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಹೊತ್ತು ತಂದ ಮೈಸೂರು ತಂಡ, ಹಲಸೂರು, ಗೌತಮಪುರ, ಆಸ್ಟಿನ್ ಟೌನಿನ ಗಲ್ಲಿಗಳು, ಎಲ್ಲ ಆ ಪರಂಪರೆಯವೇ. ಆದರೆ ಊರಿಗೆ ಒಂದು ದೊಡ್ಡ ವೃತ್ತಿಪರ ಕ್ಲಬ್ ಬಂದದ್ದು 2013ರಲ್ಲಿ, ಜೆಎಸ್‌ಡಬ್ಲ್ಯು ಸಮೂಹದ ಮೂಲಕ. ಮುಂಬೈಯಲ್ಲಿ ಮುಖ್ಯ ಕಚೇರಿ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಆ ಸಮೂಹ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಶುರುಮಾಡಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಬಳಿಕ ಕಂಠೀರವ ಕ್ರೀಡಾಂಗಣಕ್ಕೆ ಬಂತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ತಂಡವಾಯಿತು. 2017ರಲ್ಲಿ ಸೂಪರ್ ಲೀಗ್‌ಗೆ ಸೇರಿ 2019ರಲ್ಲಿ ಅದನ್ನೂ ಗೆದ್ದಿತು. ಸುನಿಲ್ ಛೆಟ್ರಿಯಂಥ ಆಟಗಾರನನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಜೆರ್ಸಿಯಲ್ಲಿ ಇಟ್ಟುಕೊಂಡಿತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಪಶ್ಚಿಮದ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷ ನಿಂತೇ ಹಾಡುತ್ತದೆ.

ಈ ತಂಡ ಬೆಂಗಳೂರು ಬಿಟ್ಟೀತು ಎಂಬ ಮಾತು ಒಮ್ಮೆ ಗಟ್ಟಿಯಾಗಿ ಕೇಳಿಬಂದಿತ್ತು. ಆಗ ಮಾರಾಟದ ಸೊಲ್ಲೇ ಇರಲಿಲ್ಲ. ಕಂಠೀರವ ರಾಜ್ಯ ಸರಕಾರದ ಕ್ರೀಡಾ ಇಲಾಖೆಗೆ ಸೇರಿದ್ದು, ಅದರ ಸಿಂಥೆಟಿಕ್ ಟ್ರ್ಯಾಕ್ ಅಥ್ಲೀಟ್‌ಗಳಿಗೆಂದು ಹಾಕಿದ್ದು. ಫುಟ್‌ಬಾಲ್ ಇದ್ದ ದಿನ ಟ್ರ್ಯಾಕ್ ಬಂದ್. ಬೆಳಗ್ಗೆ ಐದಕ್ಕೆ ಎದ್ದು ಸ್ಪೈಕ್ಸ್ ಹಿಡಿದು ಬಂದ ಹುಡುಗಿಗೆ ಗೇಟಿನಲ್ಲಿ ಕಾವಲುಗಾರ "ಇವತ್ತು ಇಲ್ಲಮ್ಮ" ಎಂದರೆ ಅವಳ ಸಿಟ್ಟು ಯಾರ ಮೇಲೆ ಹೋಗಬೇಕು? ಜಗಳ ಹೈಕೋರ್ಟಿನ ಮೆಟ್ಟಿಲೇರಿತು. 2019ರ ಸುಮಾರಿಗೆ ತಂಡ ತನ್ನ ತವರು ಪಂದ್ಯಗಳಿಗೆ ಪುಣೆಗೆ ಹೋಗಬೇಕಾಗಬಹುದು ಎಂಬ ಸುದ್ದಿ ಹಬ್ಬಿತು. ಕೊನೆಗೆ ಹಾಗಾಗಲಿಲ್ಲ. ಆದರೆ ಪಾಠ ಸ್ಪಷ್ಟ: ಹನ್ನೆರಡು ತಿಂಗಳೂ ಬಾಡಿಗೆ ಮನೆಯಲ್ಲಿರುವ ಚಾಂಪಿಯನ್ ತಂಡ, ಮನೆಯೊಡೆಯ ಸರಕಾರ, ಅದೇ ಮನೆಯಲ್ಲಿ ಅದಕ್ಕಿಂತ ಹಳೆಯ ಹಕ್ಕಿನ ಅಥ್ಲೀಟ್‌ಗಳು. ಯಾರೂ ತಪ್ಪು ಮಾಡಿರಲಿಲ್ಲ. ಫುಟ್‌ಬಾಲಿಗೆಂದೇ ಒಂದು ಮೈದಾನ ಕಟ್ಟದೆ ಹೋದದ್ದು ಮಾತ್ರ ತಪ್ಪು.

ಹೀಗೆ ಊರು ಬಿಟ್ಟು ಆಡುವುದು ಕಬಡ್ಡಿಯಲ್ಲಿ ನಡೆದೇ ಹೋಗಿದೆ. 2017ರಲ್ಲಿ ಬೆಂಗಳೂರು ಬುಲ್ಸ್ ತನ್ನ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. ಹೆಸರು ಬೆಂಗಳೂರು, ಚಪ್ಪಾಳೆ ವಿದರ್ಭದ್ದು. ಬೆಂಗಳೂರಿನಲ್ಲಿ ಒಳಾಂಗಣ ಕ್ರೀಡಾಂಗಣ ಸಿಗಲಿಲ್ಲ, ಅಷ್ಟೇ ಕಾರಣ.

ಮತ್ತೆ ಫುಟ್‌ಬಾಲಿಗೆ ಬಂದರೆ, 2025ರ ಜುಲೈಯಲ್ಲಿ ಸೂಪರ್ ಲೀಗ್ ನಡೆಸುವ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಕರಾರು ಮುಗಿಯುತ್ತ ಬಂತೆಂದು ಇಡೀ ಲೀಗ್ ನಿಂತುಹೋಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಕ್ಲಬ್ ಕೈಬಿಟ್ಟರೆ ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಆಗ ಅಭಿಮಾನಿಗಳ ಬಾಯಲ್ಲಿತ್ತು. 2026ರ ಫೆಬ್ರುವರಿಯಲ್ಲಿ ಮೊಟಕುಗೊಂಡ ಲೀಗ್ ಶುರುವಾದ ಮೇಲೆ ತುಸು ಉಸಿರಾಡುವಂತಾಯಿತು. ಬೆಂಗಳೂರು ಎಫ್‌ಸಿಯನ್ನು ಯಾರಾದರೂ ಕೊಂಡರೂ ಬೇರೆ ಊರಿಗೆ ಒಯ್ಯುವ ಲಾಭ ಸದ್ಯಕ್ಕಿಲ್ಲ ಎನ್ನುವುದು ನನ್ನ ಅಂದಾಜು. ಅದರ ಬೆಲೆ ಇರುವುದೇ ಊರಿನ ಹೆಸರಿನಲ್ಲಿ, ನೀಲಿ ಗ್ಯಾಲರಿಯಲ್ಲಿ. ಆದರೆ ಒಡಿಶಾ ಮಾಡಿದಂತೆ ಇನ್ನೊಂದು ರಾಜ್ಯ ಹೊಸ ಮೈದಾನವನ್ನೂ ಸಬ್ಸಿಡಿಯನ್ನೂ ಹಿಡಿದು ಕರೆದರೆ, ಬಾಡಿಗೆಯ ಕಂಠೀರವ ತಡೆಗೋಡೆಯಾಗುವುದಿಲ್ಲ.

ಹೊರದೇಶದಲ್ಲಿ ಈ ಜಗಳಕ್ಕೆ ಉದ್ದದ ಇತಿಹಾಸವಿದೆ. ಎಲ್ಲಕ್ಕಿಂತ ಕಹಿಯಾದದ್ದು ಲಂಡನ್ನಿನ ವಿಂಬಲ್ಡನ್ ಎಫ್‌ಸಿಯದು. ಟೆನಿಸ್‌ನಿಂದ ನಮಗೆ ಗೊತ್ತಿರುವ ಆ ಬಡಾವಣೆಯ ಫುಟ್‌ಬಾಲ್ ತಂಡ 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. 1991ರಲ್ಲಿ ಅದು ತನ್ನ ಪ್ಲೋ ಲೇನ್ ಮೈದಾನ ಬಿಟ್ಟು ಇನ್ನೊಂದು ಕ್ಲಬ್ಬಿನ ಅಂಗಳದಲ್ಲಿ ಬಾಡಿಗೆಗೆ ಕುಳಿತಿತು. ಒಡೆಯ ಸ್ಯಾಮ್ ಹಮ್ಮಾಮ್ ಕ್ಲಬ್ಬನ್ನು ನಾರ್ವೆಯವರಿಗೂ ಹಳೆಯ ಮೈದಾನವನ್ನು ಸೂಪರ್ ಮಾರ್ಕೆಟ್ ಕಂಪನಿಗೂ ಬೇರೆ ಬೇರೆಯಾಗಿ ಮಾರಿದರು. ಕ್ಲಬ್ ಒಂದು ಕಡೆ, ನೆಲ ಇನ್ನೊಂದು ಕಡೆ. ಅಲ್ಲಿಗೆ ಆಟ ಮುಗಿದಂತೆಯೇ. 2002ರ ಮೇ 28ರಂದು ಈ ವಿಚಾರಕ್ಕೆಂದೇ ನೇಮಿಸಿದ ಮೂವರ ಸಮಿತಿ ಇಬ್ಬರ ಮತದಿಂದ ತಂಡವನ್ನು ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಒಪ್ಪಿತು. 2003ರಲ್ಲಿ ತಂಡ ಹೋಯಿತು, ಮರುವರ್ಷ ಹೆಸರೂ ಹೋಯಿತು.

ಅಭಿಮಾನಿಗಳು ಏನು ಮಾಡಿದರು? ಸಮಿತಿಯ ತೀರ್ಪು ಬಂದ ಕೆಲವೇ ವಾರಗಳಲ್ಲಿ ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಊರ ಬಯಲಿನಲ್ಲಿ ಆಟಗಾರರನ್ನು ಆರಿಸಿ, ತೀರಾ ಕೆಳಗಿನ ಲೀಗ್‌ಗಳಿಂದ ಶುರುಮಾಡಿದರು. 2011ರ ಹೊತ್ತಿಗೆ ವೃತ್ತಿಪರ ಲೀಗ್‌ಗೆ ಏರಿದರು. 2020ರ ನವೆಂಬರ್‌ನಲ್ಲಿ ಹಳೆಯ ಮೈದಾನದ ಹತ್ತಿರದಲ್ಲೇ ಪ್ಲೋ ಲೇನ್ ಹೆಸರಿನ ಸ್ವಂತ ಕ್ರೀಡಾಂಗಣಕ್ಕೆ ಮರಳಿದರು. ಕ್ಲಬ್ಬಿನ ಒಡೆಯರು ಈಗ ಅಭಿಮಾನಿಗಳೇ. ಆ ಹಟಕ್ಕೆ ಒಂದು ದೊಡ್ಡ ನಮಸ್ಕಾರ. ಆದರೆ ಇಂಗ್ಲೆಂಡಿನಲ್ಲಿ ಕೆಳಗಿನಿಂದ ಮೇಲಕ್ಕೆ ಗೆದ್ದು ಏರುವ ಏಣಿ ಇದೆ, ಅದಕ್ಕೇ ಅದು ಸಾಧ್ಯವಾಯಿತು. ಕುರ್ಚಿಗೆ ದುಡ್ಡು ಕೊಟ್ಟು ಕೂರುವ ಲೀಗ್‌ನಲ್ಲಿ ಹೈದರಾಬಾದಿನ ಅಭಿಮಾನಿಗಳು ಎಷ್ಟೇ ಹಟ ಹಿಡಿದರೂ ಆ ದಾರಿ ಬಲು ದೂರ.

ಅಮೆರಿಕದಲ್ಲಿ ಕುರ್ಚಿ ಪದ್ಧತಿಯೇ ನಿಯಮ. 1995ರಲ್ಲಿ ಕ್ಲೀವ್‌ಲೆಂಡ್ ನಗರದ ಬ್ರೌನ್ಸ್ ತಂಡವನ್ನು ಅದರ ಒಡೆಯ ಆರ್ಟ್ ಮೊಡೆಲ್ ಬಾಲ್ಟಿಮೋರಿಗೆ ಒಯ್ಯುವುದಾಗಿ ಘೋಷಿಸಿದಾಗ ಊರಿಗೆ ಊರೇ ಬೀದಿಗಿಳಿಯಿತು. ಅದು ಅವರ ದೇಶದ, ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್. ಮರುವರ್ಷ ಓಹಾಯೊ ರಾಜ್ಯ ಒಂದು ಕಾನೂನು ಮಾಡಿತು. ತೆರಿಗೆ ಹಣದಲ್ಲಿ ಕಟ್ಟಿದ ಅಥವಾ ನಡೆಯುವ ಮೈದಾನ ಬಳಸುವ ತಂಡ ಊರು ಬಿಡಬೇಕೆಂದರೆ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು, ಸ್ಥಳೀಯರಿಗೆ ಅದನ್ನು ಕೊಳ್ಳುವ ಅವಕಾಶ ಕೊಡಬೇಕು ಎಂದು. ಇಪ್ಪತ್ತು ವರ್ಷ ಈ ಕಾನೂನು ಧೂಳು ಹಿಡಿದಿತ್ತು. 2017ರಲ್ಲಿ ಅದೇ ರಾಜ್ಯದ ಕೊಲಂಬಸ್ ಕ್ರೂ ಫುಟ್‌ಬಾಲ್ ತಂಡವನ್ನು ಒಡೆಯ ಆಂಥನಿ ಪ್ರಿಕೋರ್ಟ್ ಟೆಕ್ಸಾಸ್‌ನ ಆಸ್ಟಿನ್‌ಗೆ ಒಯ್ಯಲು ಹೊರಟಾಗ ಕೆಲಸಕ್ಕೆ ಬಂತು. 2013ರಲ್ಲಿ ತಂಡ ಕೊಳ್ಳುವಾಗಲೇ ಆಸ್ಟಿನ್‌ಗೆ ಹೋಗಬಹುದೆಂಬ ಷರತ್ತನ್ನು ಅವರು ಕರಾರಿನಲ್ಲಿ ಸೇರಿಸಿದ್ದರೆಂಬುದು ಆಮೇಲೆ ಹೊರಬಿತ್ತು. ಅಂದರೆ ವಲಸೆಯ ಬೀಜ ಮಾರಾಟದ ಪತ್ರದಲ್ಲೇ ಇತ್ತು, ಊರಿನವರಿಗೆ ಗೊತ್ತಿರಲಿಲ್ಲ. 2018ರಲ್ಲಿ ರಾಜ್ಯ ಮತ್ತು ನಗರ ಸೇರಿ ಮೊಕದ್ದಮೆ ಹೂಡಿದವು, ಅಭಿಮಾನಿಗಳು ಬೀದಿಯಲ್ಲಿ ನಿಂತರು. ಕೊನೆಗೆ ಸ್ಥಳೀಯ ಕುಟುಂಬಗಳು ತಂಡವನ್ನು ಕೊಂಡವು. ಪ್ರಿಕೋರ್ಟ್‌ಗೆ ಆಸ್ಟಿನ್‌ನಲ್ಲಿ ಹೊಸ ತಂಡ ಸಿಕ್ಕಿತು. ಇಲ್ಲಿ ಒಂದು ಮಾರಾಟ ತಂಡವನ್ನು ಊರಿನಿಂದ ಬಿಡಿಸುವುದರಲ್ಲಿತ್ತು, ಇನ್ನೊಂದು ಮಾರಾಟ ಊರಿನಲ್ಲೇ ಉಳಿಸಿತು.

ಕೆನಡಾದ ವ್ಯಾಂಕೂವರ್ ವೈಟ್‌ಕ್ಯಾಪ್ಸ್ 2024ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದಾಗಲೂ ಅಲ್ಲಿನವರ ಮೊದಲ ಭಯ ಇದೇ. ಆ ತಂಡವೂ ಸ್ವಂತ ಮೈದಾನವಿಲ್ಲದೆ ಸರಕಾರಿ ಕ್ರೀಡಾಂಗಣದಲ್ಲಿ ಬಾಡಿಗೆಗಿದೆ. ಅಲ್ಲಿಯೂ ಮಾತು ಕೊನೆಗೆ ಹೊಸ ಮೈದಾನದ ಕಡೆಗೇ ತಿರುಗಿತು.

ಹೋಗಲಾರದ ತಂಡ ಯಾವುದು ಎಂದು ಕೇಳಿದರೆ ಗ್ರೀನ್ ಬೇ ಪ್ಯಾಕರ್ಸ್. ಅಮೆರಿಕದ ಆ ಪಟ್ಟಣದ ಜನಸಂಖ್ಯೆ ಸುಮಾರು 1 ಲಕ್ಷ. 2011ರ ಜನಗಣತಿಯ ದಾವಣಗೆರೆ ನಗರದ ನಾಲ್ಕನೇ ಒಂದು ಪಾಲು. 1923ರಿಂದ ತಂಡದ ಷೇರು ಸಾರ್ವಜನಿಕರ ಕೈಯಲ್ಲಿದೆ, ಇಂದು ಐದು ಲಕ್ಷಕ್ಕೂ ಹೆಚ್ಚು ಷೇರುದಾರರು. ಲಾಭಾಂಶ ಇಲ್ಲ, ಮಾರಿ ದುಡ್ಡು ಮಾಡುವಂತಿಲ್ಲ. ಜರ್ಮನಿಯಲ್ಲಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರಲ್ಲೇ ಇರಬೇಕೆಂಬ ನಿಯಮವಿದೆ. ತುಮ್ಕೋಸ್‌ನಂಥ ಸಹಕಾರ ಸಂಘವನ್ನು ಕಟ್ಟಿ ಬೆಳೆಸಿದ ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿಕೆಟ್‌ಗೆ ಮರಳಿದರೆ, ಆರ್‌ಸಿಬಿ ಮಾರಾಟದ ಭಯ ಬಹುಮಟ್ಟಿಗೆ ಹುಸಿ. ಆ ತಂಡ ಹಿಂದೆಯೇ ಒಮ್ಮೆ ಕೈ ಬದಲಾಯಿಸಿತ್ತು. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್‌ಗೆ ಕೊಂಡ ತಂಡ, ಅವರ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಡಿಯಾಜಿಯೊ ಹಿಡಿತಕ್ಕೆ ಹೋದಾಗ ತಾನೂ ಹೋಯಿತು. ಲಂಡನ್ನಿನ ಒಡೆಯರು ಬಂದರೆಂದು ತಂಡ ಲಂಡನ್ನಿಗೆ ಹೋಗಲಿಲ್ಲ, 2024ರಲ್ಲಿ ಬ್ಯಾಂಗಲೋರ್ ತೆಗೆದು ಬೆಂಗಳೂರು ಎಂದು ಹೆಸರು ತಿದ್ದಿಕೊಂಡಿತು. ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಮುಚ್ಚಿದಾಗ ಹೈದರಾಬಾದಿನ ಜಾಗವನ್ನು ಚೆನ್ನೈಯ ಸನ್ ಟಿವಿ ಕೊಂಡಿತು, ತಂಡ ಸನ್‌ರೈಸರ್ಸ್ ಎಂಬ ಹೆಸರಿನಲ್ಲಿ ಹೈದರಾಬಾದಿನಲ್ಲೇ ಉಳಿಯಿತು. ಅದೇ ಸನ್‌ರೈಸರ್ಸ್ 2025ರಲ್ಲಿ ಊರು ಬಿಡುತ್ತೇವೆ ಎಂದು ಗುಡುಗಿದ್ದು ಪುಕ್ಕಟೆ ಪಾಸುಗಳ ವಿಚಾರಕ್ಕೆ, ಅಲ್ಲಿನ ಕ್ರಿಕೆಟ್ ಸಂಸ್ಥೆಯ ಜೊತೆಗಿನ ಜಗಳದಲ್ಲಿ. ಬೆಂಗಳೂರಿನಲ್ಲೂ ಹಾಗೆಯೇ. ಕಾಲ್ತುಳಿತದ ನಂತರ 2025ರ ಮಹಿಳಾ ವಿಶ್ವಕಪ್ ಪಂದ್ಯಗಳು ಚಿನ್ನಸ್ವಾಮಿಯಿಂದ ನವಿ ಮುಂಬೈಗೆ ಹೋದವು, ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಯಾವುದೂ ಮಾರಾಟದಿಂದ ಆದದ್ದಲ್ಲ. ಗೇಟು, ಮೆಟ್ಟಿಲು, ಪೊಲೀಸ್ ಅನುಮತಿ, ಸುರಕ್ಷತಾ ವರದಿ ಇವುಗಳಿಂದ ಆದದ್ದು. ಆರ್‌ಸಿಬಿಯ ಒಡೆಯರು ಯಾರೇ ಆಗಲಿ, ಅವರು ಮೊದಲು ನೋಡಬೇಕಾದದ್ದು ಆ ಗೇಟುಗಳನ್ನೇ.

ಇನ್ನು ನಮ್ಮ ಜಿಲ್ಲೆಯ ಕಥೆ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ಎಂಟು ತಂಡಗಳಲ್ಲಿ ಒಂದರ ಹೆಸರು ಶಾಮನೂರು ದಾವಣಗೆರೆ ಡೈಮಂಡ್ಸ್. ಎಷ್ಟು ಜನರಿಗೆ ನೆನಪಿದೆಯೋ. ಅದರ ಆಟ ನಡೆದದ್ದು ಬೆಂಗಳೂರು, ಮೈಸೂರಿನ ಕಡೆ. ದಾವಣಗೆರೆಯ ಹೈಸ್ಕೂಲ್ ಮೈದಾನವನ್ನಾಗಲಿ ಜಿಲ್ಲಾ ಕ್ರೀಡಾಂಗಣವನ್ನಾಗಲಿ ಆ ತಂಡ ತುಳಿಯಲಿಲ್ಲ. ಲೀಗ್ ಕೆಲಕಾಲ ನಿಂತು 2014ರಲ್ಲಿ ಮತ್ತೆ ಎದ್ದಾಗ ಪಟ್ಟಿಯಲ್ಲಿ ದಾವಣಗೆರೆ ಇರಲಿಲ್ಲ. ಒಂದು ಪ್ರತಿಭಟನೆಯೂ ಆಗಲಿಲ್ಲ, ಒಂದು ಮನವಿಪತ್ರವೂ ಹೋಗಲಿಲ್ಲ. ಊರಿಗೆ ಬಾರದ ತಂಡ ಊರು ಬಿಟ್ಟರೆ ಯಾರಿಗೆ ಗೊತ್ತಾಗಬೇಕು? 2022ರಿಂದ ನಡೆಯುತ್ತಿರುವ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗದ ಹೆಸರಿನ ತಂಡವಿದೆ, ದಾವಣಗೆರೆಯದು ಇಲ್ಲ. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರಕಾರ ದಾವಣಗೆರೆ ಜಿಲ್ಲೆ ಮಾಡುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೇ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಆಗ ಹೊನ್ನಾಳಿಯ ಒಂದು ಭಾಗ. ಹಾಗಾಗಿ ನ್ಯಾಮತಿಯ ಹಿರಿಯರು ಶಿವಮೊಗ್ಗ ತಂಡಕ್ಕೆ ಚಪ್ಪಾಳೆ ತಟ್ಟಿದರೆ ಯಾರೂ ಆಕ್ಷೇಪಿಸಬೇಕಿಲ್ಲ. ಆದರೆ ಆ ಶಿವಮೊಗ್ಗ ತಂಡವೂ ಆಡುವುದು ಶಿವಮೊಗ್ಗದಲ್ಲಲ್ಲ.

ಅಭಿಮಾನ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಬೇಕಿದ್ದರೆ ಬೇಸಿಗೆಯಲ್ಲಿ ಈ ನಾಲ್ಕು ತಾಲ್ಲೂಕುಗಳ ಯಾವುದಾದರೂ ಕಾಲೇಜು ಮೈದಾನಕ್ಕೆ ಹೋಗಿ. ಹೊನಲು ಬೆಳಕಿನ ಟೂರ್ನಮೆಂಟ್, ಕಬಡ್ಡಿಯೋ ಟೆನಿಸ್ ಬಾಲ್ ಕ್ರಿಕೆಟ್ಟೋ. ಅದಕ್ಕೂ ಮೊದಲು ಕಲ್ಯಾಣ ಮಂಟಪದಲ್ಲಿ ಹರಾಜು ನಡೆದಿರುತ್ತದೆ. ಪ್ರೊಜೆಕ್ಟರ್ ಮೇಲೆ ಹುಡುಗರ ಫೋಟೊ, ಒಬ್ಬೊಬ್ಬ ಓನರಿಗೆ ಇಷ್ಟಿಷ್ಟು ಪಾಯಿಂಟ್, ಮೈಕಿನಲ್ಲಿ ಒಂದು ಸಲ, ಎರಡು ಸಲ. ಓನರ್‌ಗಳು ಅಡಿಕೆ ಮಂಡಿಯವರು, ರಸಗೊಬ್ಬರದ ಅಂಗಡಿಯವರು, ಲೇಔಟ್ ಮಾಡಿದವರು, ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವವರು. ತಂಡದ ಹೆಸರು ಅವರದ್ದೇ. ಮುಂದಿನ ವರ್ಷ ಅರ್ಧ ಓನರ್‌ಗಳು ಇರುವುದಿಲ್ಲ, ಜೆರ್ಸಿಯ ಬಣ್ಣ ಬೇರೆ, ಹೆಸರು ಬೇರೆ. ಆದರೂ ರಾತ್ರಿ ಒಂದು ಗಂಟೆಗೆ ಫೈನಲ್ ಮುಗಿಯುವವರೆಗೆ ಮೈದಾನದ ಸುತ್ತ ಬೈಕುಗಳ ಮೇಲೆ ಕುಳಿತ ಜನ ಏಳುವುದಿಲ್ಲ. ಅವರು ಬಂದಿರುವುದು ಓನರಿಗಾಗಿ ಅಲ್ಲ. ರೈಡ್ ಮಾಡುವ ಹುಡುಗ ಅವರ ಕೇರಿಯವನು, ಅಂಗಳ ಅವರ ಕಾಲೇಜಿನದು. ಪ್ರತಿ ವರ್ಷ ಮಾರಾಟವಾಗುವ ಈ ತಂಡಗಳು ಒಮ್ಮೆಯೂ ಊರು ಬಿಡುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ. ಮಾರಾಟವೊಂದೇ ತಂಡವನ್ನು ಊರು ಬಿಡಿಸುವುದು ಅಪರೂಪ. ನಷ್ಟದಲ್ಲಿರುವ, ಬಾಡಿಗೆ ಮೈದಾನದ, ಸದಸ್ಯರಿಲ್ಲದ ತಂಡ ಮಾರಾಟವಾದರೆ ಮಾತ್ರ ಹೊರಡುವ ಸಾಧ್ಯತೆ ನಿಜಕ್ಕೂ ದೊಡ್ಡದು. ಅದನ್ನು ತಡೆಯುವ ಉಪಾಯ ಸರಕಾರದ ಕೈಯಲ್ಲೇ ಇದೆ. ಕಂಠೀರವ ನಮ್ಮ ತೆರಿಗೆಯ ಮೈದಾನ. ಅದನ್ನು ಕ್ಲಬ್ಬಿಗೆ ಕೊಡುವ ಕರಾರಿನಲ್ಲಿ ಓಹಾಯೊ ಮಾದರಿಯ ಎರಡು ಸಾಲು ಸೇರಿಸಲು, ಅಂದರೆ ಊರು ಬಿಡುವ ಮುನ್ನ ಆರು ತಿಂಗಳ ನೋಟಿಸ್, ಕನ್ನಡ ನಾಡಿನವರಿಗೆ ಕೊಳ್ಳುವ ಮೊದಲ ಅವಕಾಶ ಎಂದು ಬರೆಯಲು, ವಿಧಾನಸಭೆಯೂ ಕೂರಬೇಕಿಲ್ಲ. ಅಥ್ಲೀಟ್‌ಗಳ ಟ್ರ್ಯಾಕನ್ನು ಅವರಿಗೇ ಬಿಟ್ಟು ಫುಟ್‌ಬಾಲಿಗೆ ಬೇರೆ ಅಂಗಳ ಕಟ್ಟುವುದು ಅದಕ್ಕಿಂತ ದುಬಾರಿ, ಆದರೆ ಅದಿಲ್ಲದೆ ಜಗಳ ಮುಗಿಯುವುದಿಲ್ಲ.

ದಾವಣಗೆರೆ ಜಿಲ್ಲೆಯವರಿಗೆ ಒಂದು ಮಾತು. ಮುಂದೊಂದು ದಿನ ಕ್ರಿಕೆಟ್ಟೋ ಫುಟ್‌ಬಾಲೋ ಕಬಡ್ಡಿಯೋ, ಜಿಲ್ಲೆಯ ಹೆಸರಿನ ತಂಡ ಬಂದರೆ ಮಾಲೀಕರು ಯಾರೆಂದು ಕೇಳುವ ಮೊದಲು ವರ್ಷಕ್ಕೆ ಎಷ್ಟು ಪಂದ್ಯ ಜಿಲ್ಲೆಯೊಳಗೆ ಆಡುತ್ತೀರಿ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.